ಕಾಗದದಲ್ಲಿ 1998, ಕಬ್ಬಿಣದಲ್ಲಿ 1967: ಹೊರದೇಶದಿಂದ ತರುವ ಹಳೇ ಕಾರಿನ ವಯಸ್ಸು ಸಾಬೀತು ಮಾಡೋದು ಹೇಗೆ?

ಹಳೇಗಾಲಿ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಹಿಂದೆ ಬಿದ್ದಿದ್ದೇನೆ. ಕಾರು ಹೊರದೇಶದಲ್ಲಿದೆ. ಮಾರುವವರು 1967ರ ಗಾಡಿ ಅಂತಾರೆ. ಮುಂಗಡ ಕೊಟ್ಟೂ ಆಯಿತು. ನಿನ್ನೆ ನೋಂದಣಿ ಪತ್ರದ ಸ್ಕ್ಯಾನ್ ಕಳಿಸಿದರು. ನೋಡಿದರೆ 'ಮೊದಲ ನೋಂದಣಿ' ಅನ್ನುವ ಕಡೆ 1998 ಅಂತ ಇದೆ!

ಕೇಳಿದ್ದಕ್ಕೆ, "ತಲೆ ಕೆಡಿಸಿಕೊಳ್ಳಬೇಡಿ, ಆ ವರ್ಷ ಇನ್ನೊಂದು ದೇಶದಿಂದ ಇಲ್ಲಿಗೆ ಬಂದಿತ್ತು, ಅದಕ್ಕೇ ಹಾಗೆ ಬರೆದಿದ್ದಾರೆ" ಅಂದರು. ಅವರಿಗೇನು, ಕಾರು ಮಾರಿದರೆ ಮುಗೀತು. ನಾನಿರುವ ಕಡೆ 30 ವರ್ಷ ದಾಟಿದ ಕಾರಿಗೆ ತೆರಿಗೆ ತುಂಬಾ ಕಡಿಮೆ. ದಾಟಿಲ್ಲ ಅಂದರೆ ಮಾಮೂಲಿ ಕಾರಿನ ಪೂರ್ತಿ ತೆರಿಗೆ. ಕಾಗದದ ಪ್ರಕಾರ ನನ್ನ ಬೀಟಲ್ ಇನ್ನೂ ಹುಡುಗು ಗಾಡಿ. ಇದು 1967ರದ್ದೇ ಅಂತ ತೋರಿಸೋಕೆ ಏನು ಮಾಡಬೇಕು?

ಎರಡನೇ ಗೇರ್

1998ರಲ್ಲಿ ಆ ಆಕಾರದ ಬೀಟಲ್ ಎಲ್ಲಿತ್ತು ಸ್ವಾಮಿ? ಫೋಟೋ ತೋರಿಸಿದರೆ ಸಾಕಲ್ವಾ?

ಗ್ರೀಸ್ ಕೈ

ಸಾಕಾಗಲ್ಲ ಮೇಡಂ. ಹಳೇ ಬೀಟಲ್ ಮೆಕ್ಸಿಕೊದಲ್ಲಿ 2003ರ ತನಕ ತಯಾರಾಗುತ್ತಿತ್ತು. ಕಸ್ಟಮ್ಸ್‌ನವರು "ಇದು 1998ರ ಮೆಕ್ಸಿಕೊ ಗಾಡಿ" ಅಂದುಬಿಟ್ಟರೆ? ಇದೇ ಕಾರಣಕ್ಕೆ ಬೀಟಲ್ ವಿಷಯದಲ್ಲಿ ಬರೀ ಒಟ್ಟು ಆಕಾರ ನೋಡಿ ವಯಸ್ಸು ಹೇಳೋಕೆ ಆಗಲ್ಲ.

ಹಳೇಗಾಲಿ ಸರ್, ಮಾರುವವರಿಗೆ ಹೇಳಿ ಹಿಂದಿನ ಸೀಟು ಎತ್ತಿಸಿ. ಕಾರಿನ ನಡುವೆ ಉದ್ದಕ್ಕೆ ಒಂದು ಉಬ್ಬು ಹೋಗುತ್ತದಲ್ಲ, ಸೀಟಿನ ಕೆಳಗೆ ಅದರ ಮೇಲೆ ಚಾಸಿ ನಂಬರ್ ಕುಟ್ಟಿರುತ್ತಾರೆ. ಅದರ ಫೋಟೋ ಬೇಕು. ತುಕ್ಕು, ಮಣ್ಣು ಇದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಲಿ. ವೈರ್ ಬ್ರಷ್ಷು, ಗ್ರೈಂಡರು ಮುಟ್ಟಿಸಬೇಡಿ. ಉಜ್ಜಿದ ಗುರುತು ಇದ್ದರೆ ನಂಬರ್ ತಿದ್ದಿದ್ದಾರೆ ಅಂತಲೇ ಅನುಮಾನ ಬರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಂಕಿ ಚೆನ್ನಾಗಿ ಎದ್ದು ಕಾಣುತ್ತದೆ. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಅಚ್ಚೂ ತೆಗೆಸಿಕೊಳ್ಳಿ.

ಇನ್ನೊಂದು. ಬ್ಯಾಟರಿ ಇರೋದೂ ಅದೇ ಸೀಟಿನ ಕೆಳಗೆ, ಬಲಗಡೆ. ಮೇಲೆ ಮುಚ್ಚಳ ಇದೆಯಾ ನೋಡಿಸಿ. ಇಲ್ಲದಿದ್ದರೆ ಯಾರಾದರೂ ಕೂತಾಗ ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ವಯಸ್ಸಿನ ವಿಷಯ ಅಲ್ಲ, ಆದರೂ ಹೇಳಿದೆ.

ಹಳೇಗಾಲಿ

ಫೋಟೋ ಬಂತು. ನಂಬರ್ 117ರಿಂದ ಶುರು, ಒಟ್ಟು ಒಂಬತ್ತು ಅಂಕಿ. ಬ್ಯಾಟರಿಗೆ ಮುಚ್ಚಳ ಇಲ್ಲ!

ಗ್ರೀಸ್ ಕೈ

ಸಂತೋಷ. ಮುಚ್ಚಳದ್ದಲ್ಲ, 117ದ್ದು.

1964ರ ಆಗಸ್ಟ್‌ನಿಂದ ಫೋಕ್ಸ್‌ವ್ಯಾಗನ್‌ನವರು ಈ ಪದ್ಧತಿ ಹಿಡಿದರು. ಮೊದಲ ಎರಡು ಅಂಕಿ ಕಾರಿನ ಮಾದರಿ. 11 ಅಂದರೆ ಮಾಮೂಲಿ ಬೀಟಲ್. ಮೂರನೆಯದು ಮಾಡೆಲ್ ವರ್ಷದ ಕೊನೆಯ ಅಂಕಿ. 7 ಅಂದರೆ 1967. 1977 ಯಾಕಲ್ಲ ಅಂದರೆ, 1970ರ ಮಾಡೆಲ್‌ನಿಂದ ಹತ್ತು ಅಂಕಿ ಮಾಡಿದರು. ನಿಮ್ಮದು ಒಂಬತ್ತೇ.

ಒಂದು ಎಚ್ಚರಿಕೆ. ಅವರ ಮಾಡೆಲ್ ವರ್ಷ ಆಗಸ್ಟ್‌ನಿಂದ ಶುರು. ಹಾಗಾಗಿ ನಿಮ್ಮ ಕಾರು 1966ರ ಆಗಸ್ಟ್‌ನಿಂದ 1967ರ ಜುಲೈ ಒಳಗೆ ಯಾವಾಗ ಬೇಕಾದರೂ ಹುಟ್ಟಿರಬಹುದು. 30 ವರ್ಷದ ಲೆಕ್ಕಕ್ಕೆ ನಿಮಗೆ ಇದು ಮುಖ್ಯ ಅಲ್ಲ. ಗಡಿಯ ಅಂಚಿನಲ್ಲಿರುವ ಕಾರಿಗಾದರೆ ಪ್ರಾಣ ಹಿಂಡುತ್ತದೆ.

ತುಕ್ಕುಪ್ರೇಮಿ

ಬೀಟಲ್ ಜನ ಇಷ್ಟಕ್ಕೇ ಹಿಗ್ಗೋದು ನೋಡಿ ನಗು ಬರುತ್ತದೆ. ಬೀಟಲ್‌ನಲ್ಲಿ ತಳ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ಬಾಡಿ ಎತ್ತಿ ಪಕ್ಕಕ್ಕಿಡಬಹುದು. ನಂಬರ್ ಇರೋದು ತಳದ ಮೇಲೆ. 1967ರ ತಳಕ್ಕೆ 1998ರ ಬಾಡಿ ಕೂರಿಸಿದ್ದರೆ?

ಗ್ರೀಸ್ ಕೈ

ನ್ಯಾಯವಾದ ಮಾತು. ಅದಕ್ಕೆ ಬಾಡಿಯನ್ನೂ ನೋಡಬೇಕು. ಮುಂದಿನ ಬಾನೆಟ್ ಎತ್ತಿ, ಸ್ಟೆಪ್ನಿ ಹಿಂದೆ ಒಂದು ಚಿಕ್ಕ ಪ್ಲೇಟ್ ಇರುತ್ತದೆ. ಅದರಲ್ಲೂ ಇದೇ ನಂಬರ್ ಇರಬೇಕು. ಪ್ಲೇಟಿಗಿಂತ ಅದನ್ನು ಹಿಡಿದ ರಿವೆಟ್ ಕಡೆ ಜಾಸ್ತಿ ಗಮನ ಕೊಡಿ. ಸುತ್ತ ಹಳೇ ಬಣ್ಣ ಇದ್ದು ರಿವೆಟ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಹಳೇಗಾಲಿ ಸರ್, ಪೆಟ್ರೋಲ್ ಹಾಕೋಕೆ ಬಾನೆಟ್ ಎತ್ತಬೇಕಾ, ಅಥವಾ ಹೊರಗೆ ಪಕ್ಕದಲ್ಲಿ ಸಣ್ಣ ಬಾಗಿಲು ಇದೆಯಾ?

ಹಳೇಗಾಲಿ

ಬಾನೆಟ್ ಎತ್ತಬೇಕು. ಹೆಡ್‌ಲೈಟ್ ಗಾಜು ಹಿಂದಕ್ಕೆ ವಾಲಿದೆ. ಪ್ಲೇಟಿನ ನಂಬರ್ ಸೀಟಿನ ಕೆಳಗಿನದ್ದಕ್ಕೆ ಸರಿ ಹೋಗುತ್ತದೆ. ರಿವೆಟ್ ಮಂಕಾಗಿವೆ.

ಗ್ರೀಸ್ ಕೈ

ಹಾಗಾದರೆ ಬಾಡಿಯೂ ಬಹುಶಃ 1967ರ ಆಗಸ್ಟ್‌ಗಿಂತ ಹಿಂದಿನದು. ಆ ಆಗಸ್ಟ್‌ನಲ್ಲಿ ಹೆಚ್ಚಿನ ಬೀಟಲ್‌ಗಳಲ್ಲಿ ಪೆಟ್ರೋಲ್ ಮುಚ್ಚಳ ಹೊರಗೆ ಬಂತು, ಯುರೋಪಿನ ಹೆಚ್ಚಿನ ಕಾರುಗಳಿಗೆ ನೆಟ್ಟಗೆ ನಿಂತ ಹೆಡ್‌ಲೈಟ್ ಬಂತು. ಅಮೆರಿಕಕ್ಕೆ ಹೋದ ಕಾರುಗಳಿಗೆ ಆ ಲೈಟು ಒಂದು ವರ್ಷ ಮುಂಚೆಯೇ ಬಂದಿತ್ತು. ಅದಕ್ಕೇ ಲೈಟೊಂದನ್ನೇ ನೋಡಿ ವರ್ಷ ಹೇಳುವವರನ್ನು ನಂಬಬೇಡಿ.

ಬಂದರು ಕಡತ

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಹಡಗಿನ ಕಾಗದಪತ್ರದ ಕೆಲಸದಲ್ಲಿ ನನಗೆ ಹದಿನೆಂಟು ವರ್ಷ ಆಯಿತು. ಗ್ರೀಸ್ ಕೈ ಅವರು ಹೇಳಿದ್ದೆಲ್ಲ ಸರಿ. ಆದರೆ ಕೌಂಟರ್‌ನಲ್ಲಿ ಕೂತವರಿಗೆ ಪೆಟ್ರೋಲ್ ಮುಚ್ಚಳದ ಕಥೆ ಹೇಳಿದರೆ, "ಬರವಣಿಗೆಯಲ್ಲಿ ಕೊಡಿ" ಅಂತಾರೆ. ನಿಮಗೆ ಗೊತ್ತಿರುವುದು ಬೇರೆ, ಅವರು ಫೈಲಿಗೆ ಹಾಕಿಕೊಳ್ಳಬಹುದಾದ್ದು ಬೇರೆ.

ಒಂದು ಕಾರಿಗೆ ಮೂರು ಹುಟ್ಟುಹಬ್ಬ ಇರುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ತಿಂಗಳು, ಕಂಪನಿ ಕರೆದ ಮಾಡೆಲ್ ವರ್ಷ, ರಸ್ತೆಗೆ ನೋಂದಣಿಯಾದ ದಿನ. ನೀವು ಕಾರು ತರುವ ದೇಶ ಇದರಲ್ಲಿ ಯಾವುದನ್ನು ಎಣಿಸುತ್ತದೆ ಅನ್ನೋದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ಜನ ಕಾರು ಕೊಂಡಾದ ಮೇಲೆ ಕೇಳುತ್ತಾರೆ.

ಅಮೆರಿಕದಲ್ಲಿ ಸುರಕ್ಷತಾ ನಿಯಮದಿಂದ ವಿನಾಯಿತಿ ಸಿಗೋಕೆ 25 ವರ್ಷ. ಎಣಿಸೋದು ತಯಾರಾದ ತಿಂಗಳಿಂದ. ಮಾಡೆಲ್ ವರ್ಷ ಅಲ್ಲಿ ಲೆಕ್ಕಕ್ಕಿಲ್ಲ. ಹೊಗೆಯ ನಿಯಮಕ್ಕೆ ಬೇರೆ ಇಲಾಖೆ, ಬೇರೆ ಫಾರ್ಮು, ಅಲ್ಲಿ 21 ವರ್ಷ. ಕೆನಡಾದಲ್ಲಿ 15 ವರ್ಷ, ಅಲ್ಲೂ ತಿಂಗಳ ಲೆಕ್ಕವೇ. ಬ್ರಿಟನ್‌ನಲ್ಲಿ 30 ವರ್ಷ ದಾಟಿ, ಮೂಲ ಸ್ಥಿತಿಯಲ್ಲಿದ್ದು, ಆ ಮಾದರಿ ಈಗ ತಯಾರಾಗುತ್ತಿಲ್ಲ ಅಂದರೆ ಆಮದು ಸುಂಕ ಇಲ್ಲ, ವ್ಯಾಟ್ ಶೇ. 5 ಮಾತ್ರ. ಜರ್ಮನಿಯಲ್ಲಿ ಹಳೇ ಕಾರಿನ 'ಎಚ್' ನಂಬರ್ ಪ್ಲೇಟಿಗೆ ಮೊದಲ ನೋಂದಣಿಯಿಂದ 30 ವರ್ಷ. ಭಾರತದ 2021ರ ವಿಂಟೇಜ್ ನಿಯಮದಲ್ಲೂ ಮೊದಲ ನೋಂದಣಿಯೇ ಲೆಕ್ಕ, ಆದರೆ 50 ವರ್ಷ. ಮೊದಲ ನೋಂದಣಿ ಅಂದರೆ ಜಗತ್ತಿನಲ್ಲಿ ಎಲ್ಲಾದರೂ ಮೊದಲ ಸಲ ಆದದ್ದು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಆದದ್ದಲ್ಲ. ನಿಮ್ಮ ಪತ್ರದ 1998 ಈ ಎರಡನೇ ಜಾತಿಯದ್ದು ಅಂತ ಕಾಣುತ್ತದೆ.

ಎರಡನೇ ಗೇರ್

ಹಾಗಾದರೆ 1998ರ ಹಿಂದಿನ ಪತ್ರ ಬೇಕು ಅಂತಾಯಿತು.

ಬಂದರು ಕಡತ

ಅದು ಸಿಕ್ಕರೆ ಬಂಗಾರ. ಜೊತೆಗೆ ಕಂಪನಿಯ ದಾಖಲೆಮನೆಯಿಂದ ಒಂದು ಪ್ರಮಾಣಪತ್ರ. ಫೋಕ್ಸ್‌ವ್ಯಾಗನ್‌ಗಾದರೆ ಜರ್ಮನಿಯ ವುಲ್ಫ್ಸ್‌ಬರ್ಗ್‌ನ ಆಟೋಮ್ಯೂಸಿಯಂ ಕೊಡುತ್ತದೆ. ಚಾಸಿ ನಂಬರ್ ಮೇಲೆ ಹುಡುಕಿ, ಕಾರು ತಯಾರಾದ ದಿನಾಂಕ ಬರೆದು ಕಳಿಸುತ್ತಾರೆ. ಎಂಜಿ, ಆಸ್ಟಿನ್, ಮಾರಿಸ್ ಮುಂತಾದವಕ್ಕೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆ. ಜಾಗ್ವಾರ್‌ಗೆ ಅದರದ್ದೇ ಟ್ರಸ್ಟು. ಬ್ರಿಟನ್‌ನಲ್ಲಿ ಕೆಲವು ಹಳೇ ಕಾರಿನ ಕ್ಲಬ್‌ಗಳೂ ವಯಸ್ಸಿನ ಪತ್ರ ಕೊಡುತ್ತವೆ, ಅಲ್ಲಿನ ನೋಂದಣಿ ಇಲಾಖೆ ಅದನ್ನು ಒಪ್ಪುತ್ತದೆ. ಅಮೆರಿಕದವರೂ ಹೀಗೇ. ತಯಾರಿಕೆಯ ತಿಂಗಳ ಚೀಟಿ ಕಾರಿನಲ್ಲಿ ಇಲ್ಲದಿದ್ದರೆ ಮೊದಲು ಮಾರಿದ ಬಿಲ್ಲು ಅಥವಾ ಹಳೇ ನೋಂದಣಿ ಕೇಳುತ್ತಾರೆ. ಎರಡೂ ಇಲ್ಲ ಅಂದರೆ ಹೆಸರಿರುವ ಹಳೇ ವಾಹನ ಸಂಘದ ಪತ್ರವೂ ನಡೆಯಬಹುದು.

ಮಾರುವವರು ತಾವೇ ಸಹಿ ಹಾಕಿ 'ಈ ಕಾರು 1967ರದ್ದು' ಅಂತ ಬರೆದುಕೊಟ್ಟರೆ ಅದಕ್ಕೆ ಕಿಲುಬು ಕಾಸಿನ ಬೆಲೆ ಇಲ್ಲ.

ಎಂಟು ಸಿಲಿಂಡರ್

ಇಷ್ಟೆಲ್ಲ ಯಾಕೆ? ವಿಐಎನ್, ಅಂದರೆ ಕಾರಿನ ಗುರುತಿನ ನಂಬರ್, ಅದರ ಹತ್ತನೇ ಅಕ್ಷರ ನೋಡಿದರೆ ವರ್ಷ ಗೊತ್ತಾಗುತ್ತಲ್ಲ.

ತುಕ್ಕುಪ್ರೇಮಿ

ಅಣ್ಣಾ, 17 ಅಕ್ಷರದ ವಿಐಎನ್ ಅಮೆರಿಕದಲ್ಲಿ ಕಡ್ಡಾಯ ಆಗಿದ್ದೇ 1981ರ ಮಾಡೆಲ್‌ನಿಂದ. ಅದಕ್ಕೂ ಹಿಂದೆ ಕಂಪನಿಗೊಂದು ಪದ್ಧತಿ. ಹತ್ತನೇ ಅಕ್ಷರ ವರ್ಷವೇ ಆಗಿರಬೇಕು ಅನ್ನೋದು ಉತ್ತರ ಅಮೆರಿಕದ ಕಟ್ಟಳೆ. ಯುರೋಪಿಗೆ ಅಂತ ಮಾಡಿದ ಎಷ್ಟೋ ಕಾರುಗಳಲ್ಲಿ ಆ ಜಾಗದಲ್ಲಿ ಸುಮ್ನೆ ಸೊನ್ನೆಯೋ ಇನ್ನೇನೋ ತುಂಬಿರುತ್ತಾರೆ. ಸಾಲದ್ದಕ್ಕೆ ಆ ಅಕ್ಷರಗಳು 30 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 'ಎ' ಅಂದರೆ 1980ಕ್ಕೂ 'ಎ', 2010ಕ್ಕೂ 'ಎ'. ವರ್ಷ ಅಂದರೂ ಅದು ಮಾಡೆಲ್ ವರ್ಷ ಅಷ್ಟೇ, ತಿಂಗಳು ಹೇಳಲ್ಲ.

ಎಂಟು ಸಿಲಿಂಡರ್

ಸರಿ ಬಿಡಿ, ಒಪ್ಪಿದೆ. ಹಾಗಾದರೆ ಗಾಜಿನ ಮೇಲಿನ ಗುರುತು, ಸೀಟ್ ಬೆಲ್ಟ್ ಚೀಟಿ? ನನ್ನ ಹಳೇ ಮರ್ಸಿಡಿಸ್‌ನ ಬೆಲ್ಟ್ ಮೇಲೆ ತಾರೀಕೇ ಇದೆ.

ಗ್ರೀಸ್ ಕೈ

ಅವೆಲ್ಲ ಪಕ್ಕದ ಮನೆಯವರ ಸಾಕ್ಷಿ ಇದ್ದ ಹಾಗೆ. ಎಲ್ಲರೂ ಒಂದೇ ಕಥೆ ಹೇಳಿದರೆ ಧೈರ್ಯ ಬರುತ್ತದೆ, ಅಷ್ಟೇ. ನಾಲ್ಕು ಕಿಟಕಿ ಗಾಜೂ ಒಂದೇ ಕಾಲದ್ದು, ಬೆಲ್ಟೂ ಅದೇ ಕಾಲದ್ದು, ಎಂಜಿನ್ ಬ್ಲಾಕಿನ ಎರಕದ ತಾರೀಕು ಅದಕ್ಕಿಂತ ಸ್ವಲ್ಪ ಹಿಂದಿನದು ಅಂದರೆ ಕಾರು ಬಹುಶಃ ಕಲಬೆರಕೆ ಅಲ್ಲ. ಆದರೆ ಗಾಜು ಒಡೆಯುತ್ತದೆ, ಬೆಲ್ಟ್ ಬದಲಾಗುತ್ತದೆ. ಒಬ್ಬರು ಟೈರಿನ ತಾರೀಕು ಹಿಡಿದುಕೊಂಡು ವಾದ ಮಾಡಿದ್ದು ನೋಡಿದ್ದೇನೆ. ಟೈರ್ ಹೇಳೋದು ಟೈರಿನ ವಯಸ್ಸು ಮಾರಾಯ್ರೇ!

ಜೆಟ್‌ಲ್ಯಾಗ್

ನನ್ನ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಜಪಾನಿನಿಂದ ಅಮೆರಿಕಕ್ಕೆ ಒಂದು ನಿಸಾನ್ ಸ್ಕೈಲೈನ್ ಕಾರು ತರಿಸಿದೆ. ಜಾಹೀರಾತಿನಲ್ಲಿ '1994 ಮಾಡೆಲ್' ಅಂತಿತ್ತು. 2019ಕ್ಕೆ 25 ತುಂಬುತ್ತದೆ ಅಂತ ಲೆಕ್ಕ ಹಾಕಿ ಆಗಸ್ಟ್‌ಗೆ ಬರುವ ಹಾಗೆ ಹಡಗು ಹತ್ತಿಸಿದೆ. ಜಪಾನಿನ ಕಾರಿಗೆ 17 ಅಕ್ಷರದ ನಂಬರೂ ಇಲ್ಲ, ಬಾಗಿಲ ಹತ್ತಿರ ತಯಾರಿಕೆಯ ತಿಂಗಳ ಚೀಟಿಯೂ ಇಲ್ಲ. ಕೈಯಲ್ಲಿದ್ದದ್ದು ರಫ್ತು ಪ್ರಮಾಣಪತ್ರ ಒಂದೇ. ಅದರಲ್ಲಿ ಮೊದಲ ನೋಂದಣಿ: ಹೈಸೆ 6, ತಿಂಗಳು 12.

ಅವರ ವರ್ಷ ಚಕ್ರವರ್ತಿಯ ಕಾಲದ ಲೆಕ್ಕ. ಹೈಸೆ ಅಂದರೆ 1988 ಕೂಡಿಸಬೇಕು. 6ಕ್ಕೆ 1988 ಕೂಡಿಸಿದರೆ 1994. ಇನ್ನೂ ಹಳೆಯ ಶೋವಾ ಕಾಲದ್ದಾದರೆ 1925 ಕೂಡಿಸಬೇಕು. ವರ್ಷ ಸರಿಯಾಗಿಯೇ ಇತ್ತು. ತಿಂಗಳನ್ನು ಮಾತ್ರ ನಾನು ನೋಡಿರಲಿಲ್ಲ. ನಿಸಾನ್‌ನ ಬಿಡಿಭಾಗದ ಕ್ಯಾಟಲಾಗಿನಲ್ಲಿ ಚಾಸಿ ನಂಬರ್ ಹಾಕಿಸಿ ನೋಡಿದರೆ ಕಾರು ತಯಾರಾದದ್ದು ನವೆಂಬರ್ 1994. ಹಡಗು ಮೂರು ತಿಂಗಳು ಮುಂಚೆ ಬಂದುಬಿಟ್ಟಿತ್ತು.

ನವೆಂಬರ್ ತನಕ ಕಾರು ಕಸ್ಟಮ್ಸ್ ಗೋದಾಮಿನಲ್ಲಿ ಕೂತಿತ್ತು. ಬಾಡಿಗೆ ದಿನದ ಲೆಕ್ಕ. ಕಾಗದ ನೋಡಬೇಕಾಗಿದ್ದ ಏಜೆಂಟ್, "ಮಾಡೆಲ್ 94 ಅಂದ್ರಲ್ಲ ಸರ್, ನಾನು ಹಾಗೇ ಹಾಕಿದೆ" ಅಂತ ನನ್ನ ಮೇಲೇ ತಿರುಗಿಸಿದ. ಕ್ಯಾಟಲಾಗಿನ ಆ ಒಂದು ಪುಟ ಜಪಾನಿನಲ್ಲಿ ಇರುವಾಗಲೇ ನೋಡಿದ್ದರೆ ಎಲ್ಲ ಉಳಿಯುತ್ತಿತ್ತು.

ಬಂದರು ಕಡತ

ಈ ತಿಂಗಳ ಎಡವಟ್ಟು ನಾನು ಪ್ರತಿ ವರ್ಷ ನೋಡುತ್ತೇನೆ. ನೋಂದಣಿ ಡಿಸೆಂಬರ್ ಅಂದರೆ ತಯಾರಾದದ್ದು ಅದಕ್ಕೂ ಮುಂಚೆ ಅನ್ನೋದು ಖಾತ್ರಿ. ಎಷ್ಟು ಮುಂಚೆ ಅನ್ನೋದು ಆ ಪತ್ರದಿಂದ ಗೊತ್ತಾಗಲ್ಲ. ಅನುಮಾನ ಇದ್ದರೆ ನೋಂದಣಿ ತಿಂಗಳನ್ನೇ ಹಿಡಿದು ಹಡಗು ಬುಕ್ ಮಾಡಿ.

ಮಿಂಚು

ಆಸ್ಟ್ರೇಲಿಯಾಕ್ಕೆ ತರುವವರು ಗಮನಿಸಿ. ಅಲ್ಲಿ 25 ವರ್ಷ ದಾಟಿದ್ದು ಸಾಬೀತಾದರೂ ಮುಗಿಯಲ್ಲ. ಹಡಗು ಹತ್ತಿಸುವ ಮೊದಲೇ ಆಮದು ಅನುಮತಿ ಕೈಯಲ್ಲಿರಬೇಕು. ಜೊತೆಗೆ ಆಸ್ಬೆಸ್ಟಾಸ್! 2003ರ ಕೊನೆಯಿಂದ ಅಲ್ಲಿ ಅದು ಪೂರ್ತಿ ನಿಷೇಧ. ಹಳೇ ಕಾರಿನ ಬ್ರೇಕ್ ಪ್ಯಾಡು, ಕ್ಲಚ್ಚು, ಗ್ಯಾಸ್ಕೆಟ್ಟಿನಲ್ಲಿ ಅದು ಇರುವುದು ಮಾಮೂಲು. ಕಾರು ಎಷ್ಟು ಹಳೆಯದು ಅಂತ ಸಾಬೀತು ಮಾಡುತ್ತೀರೋ ಅಷ್ಟೇ ಅನುಮಾನ ಜಾಸ್ತಿ.

ಎಂಟು ಸಿಲಿಂಡರ್

ಒಂದು ಮಾತು, ಯಾರೂ ಬೈಯಬೇಡಿ. ಮಾರುವವರ ದೇಶದಲ್ಲಿ ಯಾರನ್ನಾದರೂ ಹಿಡಿದು ಆ 1998 ತಿದ್ದಿಸಿ 1967 ಮಾಡಿಸಿದರೆ? ನಿಜವಾಗಿಯೂ 67ರದ್ದೇ ತಾನೆ?

ಬಂದರು ಕಡತ

ಬೈಯಲ್ಲ, ಆದರೆ ಖಂಡಿತ ಬೇಡ. ನಿಜವಾದ ಕಾರಿಗೆ ಸುಳ್ಳು ಕಾಗದ ಅಂಟಿಸಿದರೆ ಕಾರೂ ಸುಳ್ಳಾಗುತ್ತದೆ. ಇಲಾಖೆಗೆ ಅರ್ಜಿ ಕೊಟ್ಟು, ಆಧಾರ ತೋರಿಸಿ ತಿದ್ದುಪಡಿ ಮಾಡಿಸೋದು ಬೇರೆ, ಯಾರನ್ನೋ 'ಹಿಡಿದು' ಮಾಡಿಸೋದು ಬೇರೆ. 2013ರಲ್ಲಿ ಅಮೆರಿಕದ ಕಸ್ಟಮ್ಸ್‌ನವರು ಒಂದು ಲ್ಯಾಂಡ್ ರೋವರ್ ಡಿಫೆಂಡರ್ ಕಾರನ್ನು ಯಂತ್ರದಲ್ಲಿ ಜಜ್ಜಿ ಹಾಕಿ, ವಿಡಿಯೊ ಕೂಡ ಬಿಟ್ಟಿದ್ದರು. ಹಳೆಯದು ಅಂತ ತೋರಿಸೋಕೆ ಯಾರೋ ಅದರ ವಿಐಎನ್ ಬದಲಿಸಿದ್ದರು. ಆ ವಿಡಿಯೊ ನೋಡಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಹಳೇಗಾಲಿ

ಆರು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ವುಲ್ಫ್ಸ್‌ಬರ್ಗ್‌ನಿಂದ ಪ್ರಮಾಣಪತ್ರ ಬಂತು. ಕಾರು ತಯಾರಾದದ್ದು 1967ರ ಫೆಬ್ರವರಿ!

ಮಾರುವವರು ಅಟ್ಟದ ಮೇಲೆ ಹುಡುಕಿ ಹಿಂದಿನ ದೇಶದ ಹಳೇ ಪುಸ್ತಕವನ್ನೂ ಕಳಿಸಿದರು. ಮಡಿಕೆ ಬಿದ್ದ ಕಡೆಯೆಲ್ಲ ಟೇಪ್ ಹಚ್ಚಿದ, ಕೈಬರಹದ ಪುಸ್ತಕ. ಮೊದಲ ಮಾಲೀಕರ ಹೆಸರಿನ ಮುಂದೆ 1967ರ ಏಪ್ರಿಲ್ ತಾರೀಕು ಇದೆ. ಕುಣಿದಾಡುವಷ್ಟು ಖುಷಿಯಾಯಿತು. ಆಮೇಲೆ ಸಮಾಧಾನವಾಗಿ ಕೂತು ಅಂಕಿ ಅಂಕಿ ಹೋಲಿಸಿದೆ. ಹಳೇ ಪುಸ್ತಕ, ಪ್ರಮಾಣಪತ್ರ, ಪೆನ್ಸಿಲ್ ಅಚ್ಚು ಮೂರೂ ಒಂದೇ. 1998ರ ನೋಂದಣಿಯಲ್ಲಿ ಮಾತ್ರ ಆರನೇ ಅಂಕಿ 1 ಇರಬೇಕಾದ ಕಡೆ 7 ಇದೆ. ಈಗ ಏನು ಗತಿ?

ತುಕ್ಕುಪ್ರೇಮಿ

ಹಳೇ ಪುಸ್ತಕದ ಕೈಬರಹ ನೋಡಿ. ಯುರೋಪಿನಲ್ಲಿ ತುಂಬಾ ಜನ 1 ಬರೆಯುವಾಗ ತಲೆಗೆ ಉದ್ದನೆ ಬಾಲ ಎಳೆಯುತ್ತಾರೆ. ಬೇರೆಯವರ ಕಣ್ಣಿಗೆ ಅದು 7ರ ಹಾಗೇ ಕಾಣುತ್ತದೆ. ಅವರ 7ಕ್ಕೆ ಹೊಟ್ಟೆಯಲ್ಲಿ ಒಂದು ಅಡ್ಡಗೆರೆ ಇರುತ್ತದೆ. 1998ರಲ್ಲಿ ಕಂಪ್ಯೂಟರಿಗೆ ಹಾಕಿದವರು ಎಡವಿದ್ದಾರೆ.

ಬಂದರು ಕಡತ

ಇದನ್ನು ಅಲ್ಲೇ ಸರಿಮಾಡಿಸಿ. ಕಾರು ಹಡಗು ಹತ್ತಬಾರದು. ಒಂದು ಅಂಕಿ ತಪ್ಪಿದರೆ ಕಾಗದದ ಲೆಕ್ಕದಲ್ಲಿ ಅದು ಬೇರೆ ಕಾರು, ನಿಮ್ಮ ಪ್ರಮಾಣಪತ್ರ ಇನ್ಯಾವುದೋ ಕಾರಿಗೆ ಸೇರಿದ್ದು. ನೋಂದಣಿ ಇರುವುದು ಮಾರುವವರ ಹೆಸರಿನಲ್ಲಿ, ಅರ್ಜಿ ಅವರೇ ಹಾಕಬೇಕು. ಬಾಕಿ ಹಣ ಅದಾದ ಮೇಲೆ ಕೊಡಿ. ಆಗ ನೋಡಿ, ಕೆಲಸ ಹೇಗೆ ಬೇಗ ಆಗುತ್ತದೆ.

ಗ್ರೀಸ್ ಕೈ

ಎಂಜಿನ್ ನಂಬರ್ ಏನಿದೆ ಸರ್? ಅದನ್ನು ಕೇಳೋಕೆ ಮರೆತಿದ್ದೆ.

ಹಳೇಗಾಲಿ

'ಎಬಿ' ಅಂತ ಶುರುವಾಗುತ್ತದೆ.

ಗ್ರೀಸ್ ಕೈ

ಹಾಗಾದರೆ ಎಂಜಿನ್ ಆಮೇಲೆ ಬದಲಾಗಿದೆ. ಎಬಿ ಅನ್ನೋದು 1970ರ ಆಗಸ್ಟ್ ನಂತರದ 1300 ಸಿಸಿ ಎಂಜಿನ್. ಗಾಬರಿ ಬೇಡ, ಬೀಟಲ್‌ಗೆ ಎಂಜಿನ್ ಬದಲಿಸೋದು ಚಪ್ಪಲಿ ಬದಲಿಸಿದ ಹಾಗೆ, ಮತ್ತು ಇದೂ ಈಗ ಹಳೆಯದೇ. ಆದರೆ ನಿಮ್ಮ ಕಡೆಯ ನಿಯಮದಲ್ಲಿ 'ಮೂಲ ಸ್ಥಿತಿ' ಅನ್ನುವ ಮಾತಿದ್ದರೆ ನೀವೇ ಮೊದಲು ಬರೆದು ತಿಳಿಸಿಬಿಡಿ. ಅವರೇ ಕಂಡುಹಿಡಿದರೆ ಉಳಿದದ್ದರ ಮೇಲೂ ಅನುಮಾನ.

ಹಳೇಗಾಲಿ

ಕೊನೆಯ ಸುದ್ದಿ. ತಿದ್ದುಪಡಿಗೆ ಒಂಬತ್ತು ವಾರ ಹಿಡಿಯಿತು. ಬಾಕಿ ಹಣ ತಡೆದಿಟ್ಟಿದ್ದು ಒಳ್ಳೆಯದಾಯಿತು. ಕಾರು ಮೊನ್ನೆ ಬಂದರಿಗೆ ಬಂತು. ಬದಲಾದ ಎಂಜಿನ್ ವಿಷಯ ಅರ್ಜಿಯಲ್ಲೇ ಬರೆದಿದ್ದೆ, ಅದರ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ.

ಅಧಿಕಾರಿ ವಯಸ್ಸಾದ ಹೆಂಗಸು. ವುಲ್ಫ್ಸ್‌ಬರ್ಗ್ ಪತ್ರ ಓದಿದರು, ಹಳೇ ಪುಸ್ತಕ ತಿರುವಿ ಹಾಕಿದರು. ಆಮೇಲೆ "ನಂಬರ್ ಎಲ್ಲಿದೆ, ತೋರಿಸಿ" ಅಂದರು. ಹಿಂದಿನ ಸೀಟು ಎತ್ತಿದೆ. ಟಾರ್ಚ್ ಹಿಡಿದು ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತಾ ಪೆನ್ನಿನಲ್ಲಿ ಟಿಕ್ ಹಾಕಿಕೊಂಡರು. ಆರನೇ ಅಂಕಿಗೆ ಬಂದಾಗ ನನ್ನ ಎದೆ ಡವಡವ. "ಒಂದು" ಅಂದರು, ಮುಂದಕ್ಕೆ ಹೋದರು. 30 ವರ್ಷ ದಾಟಿದ ಕಾರು ಅಂತ ಒಪ್ಪಿ ಸೀಲ್ ಬಿತ್ತು.

ಸೀಟು ವಾಪಸ್ ಇಡುವಾಗ ಬ್ಯಾಟರಿ ತೋರಿಸಿ, "ಇದಕ್ಕೆ ಮುಚ್ಚಳ ಇಲ್ವಲ್ಲ, ಯಾರಾದರೂ ಕೂತರೆ ಬೆಂಕಿ ಹತ್ತುತ್ತದೆ" ಅಂದರು. ಅವರ ತಂದೆ ಹತ್ತಿರ ಬೀಟಲ್ ಇತ್ತಂತೆ.

ಗ್ರೀಸ್ ಕೈ

ನಾನು ಹೇಳಿ ನಾಲ್ಕು ತಿಂಗಳಾಯಿತು! ಇವತ್ತೇ ಹಾಕಿಸಿ.